ಅಲುಗಬಾರದ ಕೈ

"ಕಣ್ಣು ಮಿಟುಕಿಸಿದ್ರೂ ಚಿಂತೆ ಇಲ್ಲ ವಕೀಲ್ರೇ, ಕೈ ಮಾತ್ರ ಅಲುಗಬಾರದು," ಎಂದು ಫೋಟೋ ತೆಗೆಯುವ ಡಿಕರ್ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ.

ಏಸಾ ಥಾರ್ನನ ತಲೆಯನ್ನು ಹಿಂದಿನಿಂದ ಕಬ್ಬಿಣದ ಹಿಡಿಕೆಯೊಂದು ನೆಟ್ಟಗೆ ನಿಲ್ಲಿಸಿತ್ತು. ಮೇಜಿನ ಮೇಲಿದ್ದ ಬಲಗೈಗೆ ಅಂಥದ್ದೇನೂ ಇರಲಿಲ್ಲ. ಚಳಿಗಾಲದ ಜ್ವರ ಬಿಟ್ಟ ಮೇಲೂ ಅದರ ನಡುಕ ಬಿಟ್ಟಿರಲಿಲ್ಲ. ಹೆಣಕ್ಕೆ ವೋಟು ಹಾಕ್ತೀರಾ ಎಂದು ಚುನಾವಣೆಯಲ್ಲಿ ಅವನ ಎದುರಾಳಿಯ ಕಡೆಯವರು ಇಲಿನಾಯ್ಸಿನ ಆ ಸೀಮೆಯಲ್ಲೆಲ್ಲ ಹಬ್ಬಿಸುತ್ತಿದ್ದರು.

"ಬರೀ ಮುಖ ತೆಗೆಸಿದ್ರೆ ಕೈ ಬಚ್ಚಿಟ್ರು ಅಂತಾರೆ," ಎಂದಿದ್ದ ಪ್ರಚಾರದ ಉಸ್ತುವಾರಿ ಪ್ರಯರ್. "ಗಟ್ಟಿಮುಟ್ಟಾಗಿ ಕೂತಿರೋದು ಮನೆಮನೆಗೂ ಕಾಣ್ಬೇಕು."

ಅದಕ್ಕೇ ಹೆಂಡತಿ ಲೊವೀನಾ ಕುರ್ಚಿಯ ಹಿಂದಿನ ಪರದೆಯ ಮರೆಯಲ್ಲಿ ಮಂಡಿಯೂರಿ ಗಂಡನ ಮೊಣಕೈ ಹಿಡಿದಿದ್ದಳು. ಹೀಗೇ ಊರೂರು ತಿರುಗಿದರೆ ಮುಂದಿನ ಚಳಿಗಾಲ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಏಸಾ ನಕ್ಕಿದ್ದ. ಅವಳಿಗೆ ಅಂದಿನಿಂದ ನಿದ್ದೆಯಿಲ್ಲ.

ಡಿಕರ್ ಮಸೂರದ ಮುಚ್ಚಳ ತೆಗೆದು ಸೆಕೆಂಡು ಎಣಿಸತೊಡಗಿದ. ಲೊವೀನಾ ಉಸಿರು ಬಿಗಿಹಿಡಿದಳು. ಮರುಕ್ಷಣ ಕೈ ಬಿಟ್ಟಳು.

ಗಾಜಿನ ಮೇಲೆ ಮುಖ ಸ್ಪಷ್ಟವಾಗಿ ಮೂಡಿತು. ತೋಳಿನ ತುದಿಯಲ್ಲಿ ಮಾತ್ರ ಕೈಯ ಬದಲು ಹೊಗೆಯಂಥದೇನೋ ಇತ್ತು.

"ಇದನ್ನ ಹಂಚಿದ್ರೆ ಅವರ ಕೆಲಸ ನಾವೇ ಮಾಡಿಕೊಟ್ಟ ಹಾಗೆ," ಎಂದು ಗೊಣಗುತ್ತ ಪ್ರಯರ್, ಇನ್ನೊಂದು ಗಾಜು ಸಿದ್ಧಮಾಡಲು ಹೊರಟ ಡಿಕರನ ಹಿಂದೆಯೇ ಕತ್ತಲೆಕೋಣೆಗೆ ಹೋದ.

"ಜಾರಿತಾ?" ಏಸಾ ತಿರುಗದೆಯೇ ಕೇಳಿದ.

"ಇಲ್ಲ. ಬಿಟ್ಟೆ." "ಮನೆಮನೇಲೂ ನಿಮ್ಮ ಫೋಟೋ ಇರುತ್ತೆ. ನಮ್ಮನೇಲಿ ನೀವೇ ಇರಲ್ಲ."

ಅವನು ಮೇಜಿನ ಮೇಲಿನ ಕೈ ನೋಡುತ್ತ ಕೇಳಿದ, "ಮನೇಲಿ ಕೂತ್ರೆ ಇದು ನಿಲ್ಲುತ್ತಾ, ಲೊವೀ?"

ಅವಳು ಅವನ ಅಂಗಿಯ ತೋಳಿನ ಸುಕ್ಕು ಸರಿಪಡಿಸಿದಳು.

"ನಿನಗಾಗದಿದ್ರೆ ಹೊರಗೆ ಹೋಗಿ ಕೂತಿರು. ನನಗೇನೂ ಬೇಜಾರಿಲ್ಲ. ಪ್ರಯರ್ ಹಿಡೀತಾನೆ."

"ಗಾಜು ಸಿದ್ಧ, ಬೇಗ ಬೇಗ," ಎಂದು ಒಳಗಿನಿಂದ ಡಿಕರ್ ಕೂಗಿದ. ಗಾಜಿಗೆ ಬಳಿದ ಮದ್ದು ಒಣಗಿದರೆ ಚಿತ್ರ ಮೂಡುತ್ತಿರಲಿಲ್ಲ. ಪ್ರಯರ್ ಅಂಗಿಯ ತೋಳು ಮಡಚುತ್ತ ಹೊರಬಂದ.

"ಬೇಡ," ಎಂದಳು ಲೊವೀನಾ. "ನೀವು ಒರಟಾಗಿ ಹಿಡೀತೀರಿ. ಅವರಿಗೆ ನೋಯುತ್ತೆ."

ಅವಳು ಪರದೆಯ ಹಿಂದೆ ಮತ್ತೆ ಮಂಡಿಯೂರಿದಳು. ಆ ಬದಿಯಲ್ಲಿ ಬೆಳಕು, ಮೌನ. ಈ ಬದಿಯಲ್ಲಿ, ಅವಳ ಎರಡೂ ಅಂಗೈಗಳ ನಡುವೆ, ಮೂಳೆ ಒಂದೇ ಸಮ ನಡುಗುತ್ತಿತ್ತು.