ಎಡಕ್ಕೆ ತಿರುಗುವ ಹೆಲಿಕಾಪ್ಟರು

ಈ ಕಥೆಯನ್ನು ಎಲ್ಲಿಂದ ಶುರುಮಾಡುವುದು? ಹೆಲಿಕಾಪ್ಟರಿನ ಕಥೆಯಲ್ಲವೆ, ಮೇಲಿನಿಂದಲೇ ಶುರುವಾಗಲಿ ಎಂದು ಕಥೆಗಾರ ಮೊದಲು ಹೀಗೆ ಬರೆದುಕೊಂಡ: "ಅಟ್ಟದ ಮೇಲಿನ ಧೂಳು ಮುಚ್ಚಿದ ಪೆಟ್ಟಿಗೆಯನ್ನು ತೆರೆದಾಗ ಬಾಲ್ಯದ ಸುವಾಸನೆ ಹೊಮ್ಮಿತು." ಬರೆದು, ಓದಿ, ನಾಚಿ, ಹೊಡೆದುಹಾಕಿದ. ಆಟಿಕೆ ಹೆಲಿಕಾಪ್ಟರಿದ್ದ ಆ ಪೆಟ್ಟಿಗೆಯ ಮೇಲೆ ಧೂಳೇ ಇರಲಿಲ್ಲ. ಕಥೆಯೊಳಗಿನ ಅಕ್ಕ ಅದನ್ನು ಆಗಾಗ ಇಳಿಸಿ ಒರೆಸಿಡುತ್ತಿದ್ದಳು. ಹೊಮ್ಮಿದ್ದು ನುಸಿಗುಳಿಗೆಯ ವಾಸನೆ. ಬಾಲ್ಯಕ್ಕೆ ನುಸಿ ಹಿಡಿಯಬಾರದೆಂದು ಹಾಕಿದ್ದಳೇನೋ. (ಈ ಕೊನೆಯ ವಾಕ್ಯವೂ ತುಸು ಹೆಚ್ಚಾಯಿತು. ಇರಲಿ, ಎಲ್ಲವನ್ನೂ ಹೊಡೆದುಹಾಕುತ್ತ ಹೋದರೆ ಉಳಿಯುವುದಾದರೂ ಏನು?)

ಇನ್ನೊಂದು ಆರಂಭ: ಜಗಳದಿಂದ. ಇದು ಎಂದೂ ಕೈಕೊಡುವುದಿಲ್ಲ.

೧

"ಈ ರಬ್ಬರ್ ಚೆಂಡು ಹಿಸುಕಿ ಹಿಸುಕಿ ನಂಗೇನು ಸಿಗುತ್ತೆ? ನಿಂಬೆಹಣ್ಣಾಗಿದ್ರೆ ರಸವಾದ್ರೂ ಬರ್ತಿತ್ತು," ಎಂದು ಅಮ್ಮ ಚೆಂಡನ್ನು ಮಂಚದ ಕೆಳಗೆ ಉರುಳಿಸಿದಳು.

ಲಘುವಾಗಿ ಪಾರ್ಶ್ವವಾಯು ತಾಗಿ, ಅಮ್ಮನ ಎಡಗೈ ಸೋತಿತ್ತು. ಕೈ ಮರಳಿ ಬರುತ್ತದೆ, ಆದರೆ ಬೆರಳುಗಳಿಗೆ ಕೆಲಸ ಕೊಡಬೇಕು ಎಂದು ವ್ಯಾಯಾಮದ ಮೇಡಮ್ಮು ಚೆಂಡು ಕೊಟ್ಟು ಹೋಗಿದ್ದರು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎರಡೂ ಕೈಗಳಿಂದ ತಂತಿ ಸಿಕ್ಕಿಸಿ ಊರನ್ನು ಊರಿನ ಜೊತೆ ಮಾತಾಡಿಸಿದವಳು. ಚೆಂಡು ಅವಳಿಗೆ ಅವಮಾನವಾಗಿತ್ತು.

"ಹಾಗಾದ್ರೆ ಏನು ಮಾಡ್ತೀಯಮ್ಮ?" ಎಂದು ಮಗ ಕೇಳಿದ. ಅವನು ಎರಡು ಬೀದಿಯಾಚೆ ಕನ್ನಡಕದ ಅಂಗಡಿ ಇಟ್ಟವನು. ಇಲ್ಲಿಂದ ಮುಂದೆ ಅವನು ಕನ್ನಡಕದವನು.

"ನನ್ನ ಹೆಲಿಕಾಪ್ಟರು ರಿಪೇರಿ ಮಾಡ್ಕೊಡು. ಹಾರಿಸ್ತೀನಿ. ಅದೂ ಆಗ್ಲಿಲ್ಲ ಅಂದ್ರೆ ಕೈ ಹೋಯ್ತು ಅಂತ ಒಪ್ಕೋತೀನಿ. ಆಮೇಲೆ ಯಾರಾದ್ರೂ ನಂಗೆ ಚೆಂಡು ತೋರಿಸಿದ್ರೆ ನೋಡಿ ಮತ್ತೆ!"

"ಇದೊಳ್ಳೆ ಪರೀಕ್ಷೆ," ಎಂದಳು ಅಕ್ಕ, ಬಸ್ ಡ್ರೈವರಿನ ಖಾಕಿ ಅಂಗಿಗೆ ಗುಂಡಿ ಹಾಕಿಕೊಳ್ಳುತ್ತ. "ಲೋ, ಫೇಲಾದ್ರೆ ಇವ್ಳ ಜೊತೆ ಇರೋಳು ನಾನು. ಸರಿಯಾಗಿ ಮಾಡು."

(ಓದುಗರೇ, ಇಷ್ಟೇ ಜನ. ನಾಲ್ಕನೆಯವರು ಬರುವುದಿಲ್ಲ. ಬಂದರೂ ಕಥೆಗಾರ ಒಳಗೆ ಬಿಟ್ಟುಕೊಳ್ಳುವುದಿಲ್ಲ.)

೨

ಈಗ ಹಿಂದಿನದನ್ನು ಹೇಳಬೇಕು. ಹಿಂದಿನದನ್ನು ಹೇಳುವಾಗ ಎಲ್ಲ ಕಥೆಗಾರರ ದನಿಯೂ ಜೇನಿನಲ್ಲಿ ಅದ್ದಿದಂತಾಗುತ್ತದೆ. ಈತನೂ ಹೊರತಲ್ಲ, ಸಹಿಸಿಕೊಳ್ಳಿ.

ಮಕ್ಕಳಿಬ್ಬರೂ ಚಿಕ್ಕವರಿದ್ದಾಗ ಆ ಆಟಿಕೆ ಹೆಲಿಕಾಪ್ಟರು ಬಿಡಿಭಾಗಗಳ ಪೆಟ್ಟಿಗೆಯಾಗಿ ಬಂದಿತ್ತು. ಜೋಡಿಸುವ ಬಗೆಯನ್ನು ಬರೆದಿದ್ದ ಹಾಳೆ ಮೊದಲ ದಿನವೇ ತಾರಸಿಯಿಂದ ಗಾಳಿಗೆ ಹಾರಿಹೋಯಿತು. "ಹೋಗ್ಲಿ ಬಿಡು, ಹಾಳೆಯಾದ್ರೂ ಹಾರಿತಲ್ಲ," ಎಂದ ಅಮ್ಮ, ಊಹೆಯ ಮೇಲೆಯೇ ಪೂರ್ತಿ ಜೋಡಿಸಿದಳು. ರಜೆಯ ಸಂಜೆಗಳಲ್ಲಿ ಒಣಹಾಕಿದ ಬಟ್ಟೆಗಳನ್ನೆಲ್ಲ ಸರಿಸಿ, ಅದರ ಮೂತಿಯನ್ನು ನೀರಿನ ಟ್ಯಾಂಕಿನ ಕಡೆಗೆ ಮಾಡಿ ಇಡುತ್ತಿದ್ದಳು. ರೆಕ್ಕೆ ಗಿರ್ರೆಂದು, ಅದು ಮೇಲೇಳುತ್ತ ಮೆಲ್ಲನೆ ಎಡಕ್ಕೆ ತಿರುಗಿ, ಎದೆಯೆತ್ತರಕ್ಕೆ ಬರುವಷ್ಟರಲ್ಲಿ ಸರಿಯಾಗಿ ಮೆಟ್ಟಿಲಿನ ಬಾಗಿಲನ್ನು ನೋಡುತ್ತಿತ್ತು. ಅಲ್ಲಿಗೆ ಬಂತೋ, ಅಮ್ಮನ ಎಡಗೈ ಹೆಬ್ಬೆರಳು ರಿಮೋಟಿನ ಸ್ಟಿಕ್ಕನ್ನು ಬಲಕ್ಕೆ ಒತ್ತಿ ಹಿಡಿಯುತ್ತಿತ್ತು. ಹೆಲಿಕಾಪ್ಟರು ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಲ್ಲುತ್ತಿತ್ತು. ಇಳಿಯುವ ತನಕ ಆ ಹೆಬ್ಬೆರಳು ಒತ್ತಿದ್ದು ಒತ್ತಿದ ಹಾಗೇ.

ಎಲ್ಲ ಹೆಲಿಕಾಪ್ಟರುಗಳೂ ಹಾಗೆಯೇ ಎಂದು ಮಕ್ಕಳು ತಿಳಿದಿದ್ದರು. ಒಮ್ಮೆ ನಿಜವಾದದ್ದೊಂದು ಊರಿನ ಮೇಲೆ ಹಾದುಹೋದಾಗ ಅಕ್ಕ ಕತ್ತೆತ್ತಿ ನೋಡಿ, "ಪಾಪ, ಅದಕ್ಕೆ ತಿರುಗೋಕೇ ಬರಲ್ಲ," ಎಂದಿದ್ದಳು.

ಎಕ್ಸ್‌ಚೇಂಜಿನ ಲೈನ್‌ಮನ್ನು, ಮೇಲಿನ ಮನೆಯ ಮಾವ, ಆಟಿಕೆ ಅಂಗಡಿಯವನೇ ಖುದ್ದಾಗಿ, ಹೀಗೆ ಎಷ್ಟೋ ಜನ ಕೈಯಾಡಿಸಿ ನೋಡಿದರು. ಯಾರ ಕೈಗೂ ಅದು ದಕ್ಕಲಿಲ್ಲ. ಸುತ್ತಿ ಸುತ್ತಿ ಟ್ಯಾಂಕಿಗೆ ತಲೆ ಚಚ್ಚಿಕೊಳ್ಳುತ್ತಿತ್ತು. "ಕೈ ಇದ್ರೆ ಸಾಲ್ದು, ಕೈಯಲ್ಲಿ ಹದ ಇರ್ಬೇಕು," ಎನ್ನುತ್ತ ಅಮ್ಮ ರಿಮೋಟನ್ನು ಹಿಂದಕ್ಕೆ ಪಡೆಯುತ್ತಿದ್ದಳು. ಆ ಮಾತು ಹೇಳುವಾಗಿನ ಅವಳ ಮುಖವನ್ನು ವರ್ಣಿಸಲು ಕಥೆಗಾರ ಹೊರಟ. ಉಪಮೆಗಳು ಒಂದರ ಮೇಲೊಂದು ಬಿದ್ದು ಟ್ಯಾಂಕಿಗೆ ಚಚ್ಚಿಕೊಂಡವು. ಬಿಟ್ಟ.

೩

ಕನ್ನಡಕದವನು ಅದನ್ನು ಅಂಗಡಿಯ ಮೇಜಿನ ಮೇಲೆ ಬಿಚ್ಚಿ ಹರಡಿದ. ಕನ್ನಡಕದ ಕಡ್ಡಿ ಬಿಗಿಯುವ ಸಣ್ಣ ಸ್ಕ್ರೂಡ್ರೈವರುಗಳು ಇದಕ್ಕೆಂದೇ ಹುಟ್ಟಿದಂತೆ ಒಗ್ಗಿದವು. ಹಳೆಯ ಮೋಟಾರು ತುಕ್ಕು ಹಿಡಿದಿತ್ತು; ಬ್ಯಾಟರಿ ಸೋರಿ ಉಪ್ಪಾಗಿತ್ತು. ಬರೀ ರಿಪೇರಿ ಸಾಕಿತ್ತು. ಆದರೆ ಪ್ರೀತಿಗೆ ಬರೀ ರಿಪೇರಿ ಎಲ್ಲಿ ಸಾಕಾಗುತ್ತದೆ? ಅದಕ್ಕೆ ಅಪ್‌ಗ್ರೇಡೇ ಬೇಕು. ಹೆಚ್ಚು ಸದ್ದು ಮಾಡದ ಹೊಸ ಬ್ರಷ್‌ಲೆಸ್ ಮೋಟಾರು ತರಿಸಿದ, ಬೆಲ್ಲದಚ್ಚಿನಂತಿದ್ದ ಬ್ಯಾಟರಿಯ ಜಾಗಕ್ಕೆ ಹಗುರವಾದ ಲಿಥಿಯಂ ಬ್ಯಾಟರಿ ಕೂರಿಸಿದ, ಬಾಲ ಅತ್ತಿತ್ತ ಹೊರಳದಂತೆ ತಾನೇ ಹಿಡಿದುಕೊಳ್ಳುವ, ಉಗುರಗಲದ ಗೈರೋ ಅಂಟಿಸಿದ.

ಕೊನೆಗೆ ಬಾಲದ ಪುಟ್ಟ ರೆಕ್ಕೆಯನ್ನು ಒರೆಸುವಾಗ ಅವನ ಕೈ ನಿಂತಿತು. ರೆಕ್ಕೆಯ ಉಬ್ಬು ಒಳಗಡೆಗಿತ್ತು. ಅದು ಹೊರಗಡೆಗಿರಬೇಕು. ರೆಕ್ಕೆ ಎರಡೂ ಮಗ್ಗುಲಿಗೆ ಕೂರುತ್ತದೆ. ಆದರೆ ಉಲ್ಟಾ ಕೂರಿಸಿದರೆ ಅರ್ಧ ಗಾಳಿಯನ್ನಷ್ಟೇ ತಳ್ಳುತ್ತದೆ, ಬಾಲ ಸೋಲುತ್ತದೆ, ಮೂತಿ ಎಡಕ್ಕೆ ಜಾರುತ್ತದೆ.

ಅಂದರೆ ಹಾಗೆ ತಿರುಗುವುದು ಹೆಲಿಕಾಪ್ಟರಿನ ಸ್ವಭಾವವಾಗಿರಲಿಲ್ಲ. ಅಮ್ಮನ ಊಹೆಯ ತಪ್ಪಾಗಿತ್ತು. ಅಷ್ಟು ವರ್ಷವೂ ಅಮ್ಮ ಅದನ್ನು ಒಂದೇ ಹೆಬ್ಬೆರಳಿನಿಂದ ಸಂಭಾಳಿಸಿದ್ದಳು.

ಅವನು ನಕ್ಕ. ರೆಕ್ಕೆಯನ್ನು ತಿರುಗಿಸಿ ಸರಿಯಾಗಿ ಕೂರಿಸಿದ.

(ಇಲ್ಲಿ ಕಥೆಗಾರ ಅವನನ್ನು ತಡೆಯಬಹುದಿತ್ತು. "ಒಂದು ನಿಮಿಷ ಯೋಚನೆ ಮಾಡಪ್ಪ," ಎಂದು ಅಂಚಿನಲ್ಲಿ ಬರೆದೂ ಇದ್ದ. ಅದಕ್ಕೆ ಕನ್ನಡಕದವನು, "ವಾರೆಯಾಗಿರೋದನ್ನ ನೇರ ಮಾಡೋದೇ ನನ್ನ ಕಸುಬು ಸ್ವಾಮಿ. ಕನ್ನಡಕ ವಾರೆಯಿದ್ರೆ ನೀವು ಹಾಗೇ ಹಾಕ್ಕೊಂಡು ಹೋಗ್ತೀರಾ?" ಎಂದು ಬಾಯಿ ಮುಚ್ಚಿಸಿದ.)

೪

ತಾರಸಿಯ ಮೇಲೆ ಕುರ್ಚಿ ಹಾಕಿಯಾಯಿತು. ಅಮ್ಮ ರಿಮೋಟನ್ನು ಮಡಿಲಲ್ಲಿಟ್ಟು, ಬಲಗೈಯಿಂದ ಎಡಗೈಯನ್ನು ಎತ್ತಿ ಅದರ ಮೇಲೆ ಕೂರಿಸಿದಳು.

"ಮೂತಿ ಟ್ಯಾಂಕಿನ ಕಡೆ ಇಡೋ."

"ಈಗ ಅದೆಲ್ಲ ಬೇಕಾಗಿಲ್ಲಮ್ಮ. ಗೈರೋ ಹಾಕಿದೀನಿ. ನೇರ ಎದ್ದು ನೇರ ನಿಲ್ಲುತ್ತೆ."

"ಇಡು ಅಂದ್ರೆ ಇಡು."

ಇಟ್ಟ. ಹೊಸ ಮೋಟಾರು ಹಳೆಯದರಂತೆ ಗಿರ್ರೆನ್ನಲಿಲ್ಲ. ಜೀರುಂಡೆಯಂತೆ ಸಣ್ಣಗೆ ಹಾಡಿತು. ಅದು ಮೇಲೆದ್ದಿತು. ಅಮ್ಮನ ಹೆಬ್ಬೆರಳು, ಚೆಂಡಿನ ಮುಂದೆ ಸತ್ತಂತೆ ಬಿದ್ದಿರುತ್ತಿದ್ದ ಅದೇ ಹೆಬ್ಬೆರಳು, ಯಾರೂ ಹೇಳದೆ, ಸ್ಟಿಕ್ಕನ್ನು ಬಲಕ್ಕೆ ಒತ್ತಿ ಹಿಡಿಯಿತು. ಹೆಲಿಕಾಪ್ಟರು ಹೇಳಿದ್ದನ್ನು ಕೇಳುವ ಹೊಸ ಸೊಸೆಯಂತೆ ಬಲಕ್ಕೆ ತಿರುಗಿತು. ತಿರುಗುತ್ತಲೇ ಹೋಯಿತು. ಬುಗುರಿಯಾಗಿ, ಬಟ್ಟೆಯ ಹಗ್ಗಕ್ಕೆ ಸಿಕ್ಕಿ, ನೆಲಕ್ಕೆ ಬಿತ್ತು.

ಅಮ್ಮ ರಿಮೋಟನ್ನು ಅಕ್ಕನ ಕೈಗಿಟ್ಟಳು. "ಆಯ್ತಲ್ಲ. ಕೈ ಹೋಯ್ತು. ಆ ಮೇಡಮ್ಮಿಗೆ ನಾಳೆಯಿಂದ ಬರೋದು ಬೇಡ ಅಂತ ಹೇಳ್ಬಿಡಿ," ಎಂದು, ಗೋಡೆ ಹಿಡಿದು ಕೆಳಗಿಳಿದಳು.

"ಏನೋ ಮಾಡಿದೆ ನೀನು?" ಎಂದಳು ಅಕ್ಕ.

ಅವನು ರೆಕ್ಕೆಯ ವಿಷಯ ಹೇಳಿದ. "ಅಕ್ಕಾ, ಅಮ್ಮನ ಕೈ ಚೆನ್ನಾಗೇ ಇದೆ. ನೋಡಿದ್ಯಾ, ಹೇಗೆ ಒತ್ತಿ ಹಿಡಿದ್ಲು! ಬಿದ್ದಿದ್ದು ಕೈ ಹೋಗಿದ್ದಕ್ಕಲ್ಲ, ಕೈ ಬಂದಿದ್ದಕ್ಕೆ."

"ಸರಿ, ಹೋಗಿ ಹೇಳು. 'ಅಮ್ಮ, ನಿನ್ನ ಕೈ ಚೆನ್ನಾಗಿದೆ, ಆದ್ರೆ ನೀನು ಮೊದಲಿಂದ ತಪ್ಪಾಗಿ ಜೋಡ್ಸಿದ್ದೆ. ಬೇರೆಯವ್ರಿಗೆ ಹಾರಿಸೋಕೆ ಬರದೇ ಇದ್ದಿದ್ದು ನಿನ್ನ ಹದದಿಂದ ಅಲ್ಲ, ನಿನ್ನ ತಪ್ಪಿಂದ' ಅಂತ. ಹೇಳ್ತೀಯಾ?"

ಅವನು ಮುರಿದ ಮೇಲಿನ ರೆಕ್ಕೆಗಳ ಚೂರುಗಳನ್ನು ಹೆಕ್ಕತೊಡಗಿದ.

೫ (ಅಂತ್ಯ, ಮೊದಲ ಪ್ರಯತ್ನ)

ಅವನು ಹೇಳಿಯೇಬಿಡುತ್ತಾನೆ. ಅಮ್ಮ ಗಟ್ಟಿಯಾಗಿ ನಗುತ್ತಾಳೆ. ಮೂವರೂ ನಗುತ್ತಾರೆ.

ಇದನ್ನು ಓದಿದ ಅಮ್ಮ ಕಥೆಗಾರನನ್ನು ದುರುಗುಟ್ಟಿ ನೋಡಿದಳು. "ನಾನ್ಯಾಕೆ ನಗ್ಲಿ? ನಿಮ್ಮ ಕಥೆ ಮುಗಿಸ್ಕೊಳ್ಳೋಕೆ ನಾನು ಹಲ್ಲು ಕಿರೀಬೇಕಾ?"

ತೆಗೆದುಹಾಕಿದ.

೫ (ಎರಡನೆಯ ಪ್ರಯತ್ನ)

ಅವನು ಗುಟ್ಟಾಗಿ ರೆಕ್ಕೆಯನ್ನು ಮತ್ತೆ ಉಲ್ಟಾ ಕೂರಿಸುತ್ತಾನೆ. ಗೈರೋ ಕಿತ್ತು ಡಬ್ಬಿಗೆ ಹಾಕುತ್ತಾನೆ. ಅಮ್ಮ ಹಾರಿಸುತ್ತಾಳೆ, ಅದು ಎಡಕ್ಕೆ ತಿರುಗಿ ನಿಲ್ಲುತ್ತದೆ, ಹಿನ್ನೆಲೆಯಲ್ಲಿ ಸೂರ್ಯ ಮುಳುಗುತ್ತಾನೆ.

ಇದು ಕಥೆಗಾರನಿಗೆ ಬಹಳ ಇಷ್ಟವಾಗಿತ್ತು. (ಸೂರ್ಯನನ್ನು ಬಿಟ್ಟುಕೊಡಲು ಯಾರಿಗೆ ತಾನೆ ಮನಸ್ಸು ಬರುತ್ತದೆ?) ಆದರೆ ಅಕ್ಕ ಒಪ್ಪಲಿಲ್ಲ. "ಅಮ್ಮನ್ನ ಮಗು ಥರ ಏಮಾರಿಸ್ಬೇಡ್ರಿ. ಚೆಂಡು ಕೊಟ್ಟಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?"

ಕಥೆಗಾರ ಸೂರ್ಯನನ್ನೂ ಹೊಡೆದುಹಾಕಿದ. ವ್ಯತ್ಯಾಸ ಗೊತ್ತಿದ್ದದ್ದು ಕನ್ನಡಕದವನಿಗೆ.

೫

ಅವನು ಮುರಿದ ಮೇಲಿನ ರೆಕ್ಕೆಗಳಿಗೆ ಬದಲಿ ಹಾಕಿದ. ಗೈರೋ ಬಿಚ್ಚಿದ. ಬಾಲದ ರೆಕ್ಕೆಯನ್ನೂ ಬಿಚ್ಚಿ, ರೆಕ್ಕೆ, ಸ್ಕ್ರೂ, ಡ್ರೈವರು ಮೂರನ್ನೂ ತಟ್ಟೆಯಲ್ಲಿಟ್ಟು, ಹೆಲಿಕಾಪ್ಟರು, ರಿಮೋಟಿನ ಜೊತೆಗೆ ತಾರಸಿಯ ಕುರ್ಚಿಯಲ್ಲಿ ಕೂತಿದ್ದ ಅಮ್ಮನ ಮುಂದೆ ಇಟ್ಟ.

"ಇದೊಂದನ್ನ ನೀನೇ ಹಾಕ್ಬೇಕಮ್ಮ."

"ನನ್ನ ಕೈ ಹೋಗಿದೆ ಅಂದ್ನಲ್ಲೋ."

"ಇದನ್ನ ಜೋಡ್ಸಿದ್ದು ನೀನು. ನಾನು ಯಾಕೆ ಕೈ ಹಾಕ್ಲಿ? ಹಾಕಿದ್ದಕ್ಕೇ ಬಿತ್ತು."

ಅಮ್ಮ ಅವನನ್ನೇ ನೋಡಿದಳು. ಆಮೇಲೆ ರೆಕ್ಕೆಯನ್ನೆತ್ತಿ ಎಡಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟುಕೊಂಡಳು. ಅದು ಜಾರಿ ತಟ್ಟೆಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ಮತ್ತೆ ಎತ್ತಿದಳು. ಹೆಬ್ಬೆರಳು ಒಂದು ಮಗ್ಗುಲನ್ನು ಸವರಿತು. ರೆಕ್ಕೆಯನ್ನು ಹೊರಳಿಸಿ ಇನ್ನೊಂದು ಮಗ್ಗುಲನ್ನು ಸವರಿತು. ಮತ್ತೆ ಮೊದಲಿನದಕ್ಕೆ ಬಂತು.

"ಇದು ಎರಡೂ ಕಡೆಗೆ ಕೂರುತ್ತಲ್ಲೋ," ಎಂದಳು ಅಮ್ಮ, ಮೆಲ್ಲನೆ.

"ಕೂರುತ್ತೆ."

"ನಿಂಗೆ ಗೊತ್ತಿತ್ತು."

ಕನ್ನಡಕದವನು ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

"ಸರಿ," ಎಂದಳು ಅಮ್ಮ, ಎಕ್ಸ್‌ಚೇಂಜಿನ ದನಿಯಲ್ಲಿ. "ಇಬ್ರೂ ಆ ಕಡೆ ತಿರುಗಿ ಕೂತ್ಕೊಳ್ಳಿ."

"ಅಮ್ಮ, ಸ್ಕ್ರೂ ಸಣ್ಣದು, ನಾನು ಹಿಡ್ಕೋ..."

"ತಿರುಗು ಅಂದೆ. ಮಧ್ಯ ತಿರುಗಿ ನೋಡಿದೋರಿಗೆ ಇವತ್ತು ಊಟ ಇಲ್ಲ. ಆ ಬರಕೊಳ್ತಿರೋರಿಗೂ ಹೇಳು."

ಮಕ್ಕಳಿಬ್ಬರೂ, ತಲೆ ನರೆತವರು, ಗೋಡೆಗೆ ಮುಖ ಮಾಡಿ ಕುಳಿತರು. ಕಥೆಗಾರನೂ ತಿರುಗಿದ. ಆದ್ದರಿಂದ ಅವಳು ರೆಕ್ಕೆಯನ್ನು ಯಾವ ಮಗ್ಗುಲಿಗೆ ಕೂರಿಸಿದಳೆಂದು ಅವನಿಗೆ ಗೊತ್ತಿಲ್ಲ. ಸರಿಯಾದದ್ದಕ್ಕೋ, ತನ್ನದಕ್ಕೋ? ಕಲ್ಪಿಸಿ ಬರೆಯಬಹುದಿತ್ತು, ಅದು ತಾನೇ ಅವನ ಕಸುಬು? ಆದರೆ ಬೆನ್ನ ಹಿಂದೆ ಡ್ರೈವರು ಜಾರಿದ ಸದ್ದು, ಅಮ್ಮ ಬೈದುಕೊಂಡ ಸದ್ದು, ಮತ್ತೆ ಪ್ರಯತ್ನಿಸಿದ ಸದ್ದು, ಕೊನೆಗೆ ಸ್ಕ್ರೂ ಕಚ್ಚಿಕೊಂಡು ಕಿರ್ರೆಂದ ಸದ್ದು ಕೇಳಿದ ಮೇಲೆ ಅವನಿಗೆ ಧೈರ್ಯವಾಗಲಿಲ್ಲ.

ಸ್ಕ್ರೂ ಕಿರ್ರೆಂದಾಗ ಅಕ್ಕ ತಮ್ಮನ ಮೊಣಕೈ ಹಿಡಿದಳು.

"ಎರಡೂ ಕೈ ಬೇಕು ಅದಕ್ಕೆ," ಎಂದು ಪಿಸುಗುಟ್ಟಿದ ಅವನು.

"ಗೊತ್ತು. ಸುಮ್ನಿರು."

ಮೋಟಾರು ಹಾಡತೊಡಗಿತು. ಕತ್ತಿನ ಹಿಂಬದಿಗೆ ಗಾಳಿ ತಾಗಿತು.

"ನೋಡ್ಬಹುದಾ ಅಮ್ಮ?" ಎಂದಳು ಅಕ್ಕ.

"ಇನ್ನೂ ಇಲ್ಲ."