ಲೆಕ್ಕಕ್ಕೆ ಬಾರದ ಲ್ಯಾಂಡಿಂಗ್

ಫ್ಲೈಯಿಂಗ್ ಕ್ಲಬ್ಬಿನ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ನನ್ನ ಲಾಗ್‌ಬುಕ್ಕಿನಲ್ಲಿ ಐದು ಎಂದು ಬರೆಯಲು ಹೊರಟಾಗ ನನಗೆ ಪಿತ್ತ ನೆತ್ತಿಗೇರಿತು. ನಾನು ಇಳಿದದ್ದು ನಾಲ್ಕೇ ಸಲ.

ನಾನು ಇಪ್ಪತ್ತೆರಡು ವರ್ಷದಿಂದ ಸಿಟಿ ಬಸ್ಸು ಓಡಿಸುವವಳು. ಐವತ್ತೊಂದನೇ ವಯಸ್ಸಿಗೆ ವಿಮಾನ ಕಲಿಯಲು ಹೊರಟಾಗ ಡಿಪೋದಲ್ಲಿ ನಗದವರೇ ಇಲ್ಲ. ಊರು ಹೋಗು, ಕಾಡು ಬಾ ಅನ್ನುವ ಕಾಲಕ್ಕೆ ಇವಳನ್ನು ಆಕಾಶ ಕರೀತಿದೆಯಂತೆ ಎಂದರು. ಅನ್ನಲಿ. ನಲವತ್ತೈದು ಗಂಟೆ ಹಾರಿ, ಪರೀಕ್ಷೆಗಳನ್ನೆಲ್ಲ ಬರೆದು, ಖಾಸಗಿ ಪೈಲಟ್ ಲೈಸೆನ್ಸ್ ತೆಗೆದುಕೊಂಡೆ. ಆದರೆ ಅದು ಹಗಲಿಗೆ ಮಾತ್ರ. ಕತ್ತಲಾದ ಮೇಲೆ ಹಾರಲು ಬೇರೆ ಅರ್ಹತೆ ಬೇಕು. ರಾತ್ರಿ ಹೊತ್ತು ಐದು ಗಂಟೆ ಹಾರಾಟ, ಅದರಲ್ಲಿ ಮೂರು ಗಂಟೆ ಮೇಷ್ಟ್ರ ಜೊತೆ. ಕೊನೆಗೆ ಒಬ್ಬಳೇ ಐದು ಸಲ ಏರಿ ಐದು ಸಲ ಇಳಿಯಬೇಕು, ಪ್ರತಿ ಸಲವೂ ರನ್‌ವೇ ಮೇಲೆ ಪೂರ್ತಿ ನಿಲ್ಲಬೇಕು. ಚಕ್ರ ತಾಗಿಸಿ ಮತ್ತೆ ಏರಿದರೆ ಅದು ಲೆಕ್ಕಕ್ಕಿಲ್ಲ.

ಆ ದಿನ ನನಗೆ ಉಳಿದಿದ್ದು ಈ ಐದೇ. ಮರುದಿನದಿಂದ ರನ್‌ವೇ ದೀಪಗಳ ರಿಪೇರಿ, ಆರು ತಿಂಗಳು ರಾತ್ರಿ ಹಾರಾಟ ಬಂದ್.

ಎರಡು ಸಲ ಚೆನ್ನಾಗಿ ಇಳಿದೆ. ಮೂರನೆಯದರಲ್ಲಿ ಕೆಟ್ಟೆ. ತಪ್ಪನ್ನು ಗಾಳಿಯ ಮೇಲೆ ಹಾಕಬಹುದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಪ್ಪು ನನ್ನ ಕಣ್ಣಿನದು. ಬಸ್ಸಿನ ಸೀಟು ಎತ್ತರ, ಈ ಪುಟ್ಟ ವಿಮಾನದ್ದು ತಗ್ಗು. ಕತ್ತಲಲ್ಲಿ ನೆಲ ಕಾಣದೆ ಬರೀ ದೀಪದ ಸಾಲು ಕಂಡಾಗ ಕಣ್ಣು ಹಳೇ ಚಾಳಿಗೆ ಬಿತ್ತು. ಬಸ್ಸಿನಿಂದ ರಸ್ತೆ ಕಾಣುವಷ್ಟು ದೂರಕ್ಕೆ ದೀಪ ಬಂದ ಕೂಡಲೇ ನೆಲ ಸಿಕ್ಕಿತು ಅಂದುಕೊಂಡು, ಇಳಿಸಲು ವಿಮಾನದ ಮೂತಿ ಎತ್ತಿಬಿಟ್ಟೆ. ನೆಲ ಇನ್ನೂ ಎರಡು ಮೊಳ ಕೆಳಗಿತ್ತು. ದೊಪ್ಪನೆ ಬಿದ್ದು, ಪುಟಿದು, ಪೂರ್ತಿ ಪವರ್ ಕೊಟ್ಟು ಮೇಲೆದ್ದೆ. ಹಾಗೆ ಎದ್ದಿದ್ದು ಸರಿಯೇ, ಆದರೆ ಅದು ಲ್ಯಾಂಡಿಂಗ್ ಅಲ್ಲ. ಆಮೇಲೆ ಇನ್ನೆರಡು ಸಲ ಸರಿಯಾಗಿ ಇಳಿದೆ. ಐದಾಯ್ತು ಬನ್ನಿ ಎಂದು ಮೇಷ್ಟ್ರು ರೇಡಿಯೋದಲ್ಲಿ ಕರೆದರು.

ಪುಟಿದದ್ದನ್ನು ಅವರು ಕ್ಲಬ್ಬಿನ ಕಿಟಕಿಯಿಂದ ನೋಡಿದ್ದರು.

"ಹೋಗ್ಲಿ ಬಿಡಿ ಅಮ್ಮ," ಅಂದರು. "ನಿಮ್ಮ ವಯಸ್ಸಿಗೆ ಇಷ್ಟು ಮಾಡಿದ್ದೇ ಹೆಚ್ಚು. ಐದು ಅಂತ ಬರೀತೀನಿ."

ನಿಮ್ಮ ವಯಸ್ಸಿಗೆ! ಆ ಎರಡು ಮಾತು ಬರದಿದ್ದರೆ ನಾನೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆನೋ ಏನೋ, ದೇವರಾಣೆ ಗೊತ್ತಿಲ್ಲ.

ನನ್ನನ್ನು ಮನೆಗೆ ಕರೆದೊಯ್ಯಲು ಬಂದಿದ್ದ ತಂಗಿ ತೋಳು ಜಗ್ಗಿದಳು. ಕೈಗೆ ಬಂದ ತುತ್ತನ್ನು ಚೆಲ್ಲಬೇಡ ಅಕ್ಕ ಎಂದು ಪಿಸುಗುಟ್ಟಿದಳು. ಅವಳ ಮಾತೂ ಸುಳ್ಳಲ್ಲ. ಇನ್ನೊಮ್ಮೆ ಪುಟಿದರೆ ಮೇಷ್ಟ್ರು ನನ್ನೊಬ್ಬಳನ್ನೇ ಹಾರಲು ಬಿಡುವುದಿಲ್ಲ. ಆರು ತಿಂಗಳು ಕಾದು ಮತ್ತೆ ಅವರ ಪಕ್ಕ ಕೂತು ಕಲಿಯಬೇಕು. ನನಗೆ ಭಯವೇ ಆಗಿತ್ತು.

"ನಾಲ್ಕು ಬರೀರಿ ಮೇಷ್ಟ್ರೇ," ಅಂದೆ. "ದೀಪ ಆರಿಸೋಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಐದನೇದು ನಾನೇ ತರ್ತೀನಿ."

ಇಂಥ ಹಟಮಾರಿಯನ್ನು ಕಂಡೇ ಇಲ್ಲ ಎಂದು ಗೊಣಗಿ, ಮೂತಿ ಊದಿಸಿಕೊಂಡು ನಾಲ್ಕು ಬರೆದರು. ತಂಗಿ ಮುಖ ತಿರುಗಿಸಿ ಕೂತಳು.

ಏರಿ, ಒಂದು ಸುತ್ತು ಹಾಕಿ, ಇಳಿಯಲು ತಿರುಗಿದೆ. ದೀಪದ ಸಾಲು ಹತ್ತಿರವಾಯಿತು. ಬಂತು ನೆಲ ಅಂದಿತು ಕಣ್ಣು. ಬಾಯ್ಮುಚ್ಚು, ಇನ್ನೂ ಎರಡು ಮೊಳ ಇದೆ ಎಂದು ಕಣ್ಣಿಗೇ ಬೈದೆ. ಕಾದೆ. ಬಸ್ಸಿನಿಂದ ಎಂದೂ ಕಂಡಿರದಷ್ಟು ತಗ್ಗಿಗೆ ಇಳಿದ ಮೇಲೆ ಮೂತಿ ಎತ್ತಿದೆ. ಚಕ್ರ ತಾಗಿದ್ದೇ ಗೊತ್ತಾಗಲಿಲ್ಲ. ಎರಡೂ ಕಾಲಿನಿಂದ ಬ್ರೇಕು ಒತ್ತಿ ನಿಲ್ಲಿಸಿದೆ. ನಿಂತೇ ಇದ್ದೆ.

ರನ್‌ವೇ ಬಿಟ್ಟು ಬನ್ನಿ, ಅಲ್ಲೇ ಯಾಕೆ ನಿಂತಿರಿ ಎಂದು ರೇಡಿಯೋದಲ್ಲಿ ಮೇಷ್ಟ್ರು ಕೇಳಿದರು.

"ನೀವು ಬರ್ಕೊಳ್ಳಲಿ ಅಂತ," ಅಂದೆ. "ಬರ್ಕೊಂಡೆ ಅನ್ನಿ, ಆಮೇಲೆ ಚಕ್ರ ಅಲ್ಲಾಡಿಸ್ತೀನಿ."