ಆ್ಯಪ್ ಎ

ಆ ಕಚೇರಿಯಲ್ಲಿ ಪ್ರತಿಯೊಂದಕ್ಕೂ ಬೆಲೆಯಿತ್ತು, ದುಡ್ಡಿನಲ್ಲಲ್ಲ, ಹೊತ್ತಿನಲ್ಲಿ. ಟೀ ಕುಡಿದು ಬಂದರೆ ಹತ್ತು ನಿಮಿಷ. ಪಕ್ಕದವಳ ಕಷ್ಟಸುಖ ಕೇಳಿದರೆ ಕಾಲು ಗಂಟೆ. ಮೇನೇಜರು "ಒಂದೇ ಒಂದು ನಿಮಿಷ" ಎಂದು ಕರೆದರೆ ಅರ್ಧ ದಿನ. ಸಮಯ ನಿರ್ವಹಣೆಯ ತರಬೇತಿ ಕೊಡಲು ಬಂದವನು ಹೇಳಿಹೋಗಿದ್ದ: ಪ್ರತಿ ಗಂಟೆಗೂ ಕ್ಯಾಲೆಂಡರಿನಲ್ಲಿ ಒಂದು ಹೆಸರು ಕೊಡಿ, ಖಾಲಿ ಬಿಟ್ಟರೆ ಯಾರಾದರೂ ನುಂಗಿಹಾಕುತ್ತಾರೆ.

ಸರಕು ಸಾಗಣೆ ಕಂಪನಿಯಲ್ಲಿ ಒಡೆದ ಪೆಟ್ಟಿಗೆ, ಕಳೆದ ಪಾರ್ಸೆಲ್ಲುಗಳ ದೂರು ನೋಡಿಕೊಳ್ಳುತ್ತಿದ್ದ ಅವಳು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಮಧ್ಯಾಹ್ನ ಒಂದರಿಂದ ಎರಡು, ಪ್ರತಿದಿನ, ಇಂಗ್ಲಿಷ್ ಅಕ್ಷರಗಳಲ್ಲಿ 'ಅಪ್ಪ' ಎಂದು ಬರೆದಳು. ಎ, ಪಿ, ಪಿ, ಎ.

ಲಕ್ವ ಹೊಡೆದ ಅಪ್ಪ ಕಚೇರಿಯ ಹಿಂದಿನ ಬೀದಿಯ ಆರೈಕೆ ಕೇಂದ್ರದಲ್ಲಿದ್ದರು. ಆಯುಷ್ಯವಿಡೀ ಲಾರಿ ಓಡಿಸಿದ ಮನುಷ್ಯ. ಅವಳು ಹೋಗಿ ತುತ್ತಿಡುತ್ತಿದ್ದಳು, ಗಡ್ಡ ಹೆರೆಯುತ್ತಿದ್ದಳು.

"ಇವತ್ತು ಎಷ್ಟು ಲೋಡು?" ಎಂದು ಸೊಟ್ಟ ಬಾಯಲ್ಲಿ ಕೇಳುತ್ತಿದ್ದರು.

"ಫುಲ್ ಲೋಡಪ್ಪಾ."

"ಓವರ್‌ಲೋಡ್ ಹಾಕ್ಬೇಡ ಮಗಳೇ. ಇಳಿಜಾರಲ್ಲಿ ಬ್ರೇಕ್ ಹಿಡಿಯಲ್ಲ."

ಮೇನೇಜರ ಮನೆಮಾತು ಬೇರೆ. ಕೆಲಸಕ್ಕೆ ಬೇಕಾದಷ್ಟು ಕನ್ನಡ ಕಲಿತಿದ್ದರು, ಅದರಲ್ಲಿ ನೆಂಟಸ್ತಿಕೆಯ ಪದ ಒಂದೂ ಇರಲಿಲ್ಲ. ಕ್ಯಾಲೆಂಡರ್ ನೋಡಿದವರೇ ಅವಳ ಮೇಜಿನ ಬಳಿ ಬಂದರು.

"ಏನಿದು, ಆ್ಯಪ್ ಎ? ದೂರು ತಗೊಳ್ಳೋಕೆ ಹೊಸ ಆ್ಯಪಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮೇಜಿನವಳು ಕಾಲು ತುಳಿದಳು. "ಹೌದು ಸರ್, ದೂರು ತುಂಬಾನೇ ಇರುತ್ತೆ ಅದ್ರಲ್ಲಿ."

"ಗುಡ್. ಆ ಗಂಟೆ ಯಾರೂ ಮುಟ್ಬೇಡಿ," ಎಂದು ಇಡೀ ವಿಭಾಗಕ್ಕೆ ಸಾರಿ ಹೋದರು.

"ನಿನ್ನ ತಲೆ ಕೆಟ್ಟಿದ್ಯೇನೇ?" ಎಂದಳು ಅವಳು.

"ಸುಮ್ನಿರಕ್ಕಾ. ಅಪ್ಪ ಅಂದ್ರೆ ಆ ಗಂಟೆ ಒಂದು ವಾರ ಉಳಿಯಲ್ಲ. ಆ್ಯಪ್ ಅಂದ್ರೆ ದೇವರೂ ಮುಟ್ಟಲ್ಲ."

ನಿಜವೇ ಆಯಿತು. ಎಂಥ ಗಡಿಬಿಡಿಯಲ್ಲೂ ಆ ಗಂಟೆಗೆ ಯಾರೂ ಕೈ ಹಾಕಲಿಲ್ಲ. ಮೇನೇಜರು ಮಾತ್ರ ಆಗಾಗ "ಸಹಾಯಕ್ಕೆ ಇಬ್ಬರನ್ನ ಕೊಡ್ಲಾ?" ಎನ್ನುತ್ತಿದ್ದರು. "ಬೇಡ ಸರ್, ಒಬ್ಬಳೇ ನೋಡ್ಕೋತೀನಿ," ಎನ್ನುತ್ತಿದ್ದಳು.

ಆ ಗಂಟೆಗೆ ಮೊಟ್ಟಮೊದಲು ಕೈ ಹಾಕಿದವಳು ಅವಳೇ. ವರ್ಷದ ಕೊನೆಯ ಲೆಕ್ಕ ಮುಗಿಯಬೇಕಿತ್ತು. ಒಂದು ದಿನ ಕ್ಯಾಲೆಂಡರಿನಲ್ಲಿ 'ಅಪ್ಪ'ನನ್ನು ಬೆರಳಿನಿಂದ ಎಳೆದು ಸಂಜೆಗೆ ಬಿಟ್ಟಳು. ಸಂಜೆ ಹೋದಾಗ ನರ್ಸು ಉಣ್ಣಿಸಿಯಾಗಿತ್ತು, ಅಪ್ಪ ನಿದ್ದೆ ಹೋಗಿದ್ದರು. ಯಾವ ಪ್ರಳಯವೂ ಆಗಲಿಲ್ಲ. ಹಾಗಾಗಿ ಆ ವಾರ ಮತ್ತೊಮ್ಮೆ ಎಳೆದಳು. ಆಮೇಲೆ ಎಳೆಯುವಾಗ ಏನೂ ಅನಿಸುತ್ತಿರಲಿಲ್ಲ. ಗಡ್ಡ ಬೆಳೆದಿದ್ದು ಕಾಣುತ್ತಿತ್ತು. ನಾಳೆ ಹೆರೆದರಾಯಿತು.

ಹಾಗೆ ಎಳೆದಿಟ್ಟ ಒಂದು ಮಧ್ಯಾಹ್ನ ಅಪ್ಪ ಹೋದರು. ಅವಳು ಮೀಟಿಂಗಿನಲ್ಲಿದ್ದಳು. ಫೋನು ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು.

"ಊಟದ ಹೊತ್ತಿಗೆ ಬಾಗಿಲ ಕಡೆ ನೋಡ್ತಾ ಇದ್ರು," ಎಂದಳು ನರ್ಸು. ಅದು ದೂರಲ್ಲ, ಕೇಳಿದ್ದಕ್ಕೆ ಹೇಳಿದ್ದು. ಅವಳು ತಲೆ ಆಡಿಸಿದಳು. ಅಳು ಬರಬಹುದೆಂದು ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತಳು. ಬರಲಿಲ್ಲ. ಅಲ್ಲಿದ್ದ ರೇಜರ್ ತೆಗೆದು ಗಡ್ಡ ಹೆರೆದಳು. ಕೆನ್ನೆ ತಣ್ಣಗಿತ್ತು, ಅವಳ ಕೈಯೂ ಹಾಗೇ ಇತ್ತು.

ರಜೆ ಮುಗಿಸಿ ಬಂದಾಗ ಮೇನೇಜರು ಎದ್ದು ನಿಂತು ಕೈಮುಗಿದರು. ಒಳ್ಳೆಯ ಮನುಷ್ಯ.

"ನಿಮ್ಮ ಫಾದರ್ ವಿಷಯ ಕೇಳಿ ತುಂಬ ಬೇಜಾರಾಯ್ತು. ಏನಾದ್ರೂ ಬೇಕಿದ್ರೆ ಹೇಳಿ." ಆಮೇಲೆ ಸಂಕೋಚದಿಂದಲೇ ಕೇಳಿದರು, "ಅಂದಹಾಗೆ, ಆ್ಯಪ್ ಎ ಎಲ್ಲಿಗೆ ಬಂತು?"

ಪಕ್ಕದ ಮೇಜಿನವಳು ತಲೆ ಬಗ್ಗಿಸಿದಳು.

"ಮುಗೀತು ಸರ್."

"ಭೇಷ್! ಯಾರ ಸಹಾಯಾನೂ ಇಲ್ದೆ!"

ಅವಳು ಕ್ಯಾಲೆಂಡರ್ ತೆರೆದು ಆ ಗಂಟೆಯನ್ನು ಅಳಿಸಲು ಒತ್ತಿದಳು. ಇದೊಂದನ್ನೇ ಅಳಿಸಬೇಕೋ, ಮುಂದಿನವನ್ನೆಲ್ಲ ಅಳಿಸಬೇಕೋ ಎಂದು ಕೇಳಿತು. ಮುಂದಿನವನ್ನೆಲ್ಲ ಎಂದಳು. ಸಂಜೆಯೊಳಗೆ ಆ ಜಾಗದಲ್ಲಿ ಯಾರೋ ಒಂದು ಮೀಟಿಂಗ್ ಹಾಕಿದ್ದರು.

ಕಂಪನಿಗೆ ದಿನಕ್ಕೊಂದು ಗಂಟೆ ಸಿಕ್ಕಿತು. ಅವಳಿಗೆ ಅಪ್ಪ ಇರಲಿಲ್ಲ.